ಹತ್ತಕ್ಕೆ ಒಂದು

ನಾನು ಪರವೂರಿಗೆ ಹೋಗಿ ಆಡಿದ ಮೊದಲ ಫುಟ್ಬಾಲ್ ಆಟ ವಿಜಯಪುರದಲ್ಲಿ. ನಮ್ಮ ಮನಗೂಳಿಯಿಂದ ಹೆಚ್ಚೂಕಡಿಮೆ 20 ಕಿಲೋಮೀಟರ್. ಪೇಟೆಯ ಹುಡುಗರ ಕಾಲಲ್ಲಿ ಬೂಟು, ನಮ್ಮದು ಬರಿಗಾಲು. ಏಳು ಗೋಲು ಹಾಕಿಸಿಕೊಂಡು ಕತ್ತಲಾದ ಮೇಲೆ ಮನೆ ಮುಟ್ಟಿದೆ. ಗೆದ್ದಿರೋ ಸೋತಿರೋ ಎಂದು ಅವ್ವ ಕೇಳಲಿಲ್ಲ, ಮುಖ ನೋಡಿದರೇ ತಿಳಿಯುವಂತಿತ್ತು. ರೊಟ್ಟಿ ಬಡಿಯುತ್ತಲೇ, “ನಿಮ್ಮವ್ರು ಒಂದರ ಹೊಡದ್ರೇನ?” ಅಂದಳು. ಹೊಡೆದಿದ್ದೆವು, ಒಂದು. ಹೊಡೆದವನು ನಾನಲ್ಲ. ಆದರೂ “ಹೂಂ ಬೇ” ಅನ್ನುವಾಗ ಗಂಟಲು ಬಿಗಿಯಿತು.

ಅವ್ವನ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಅಂದಿನಿಂದ ಎಲ್ಲ ಸೋಲುಗಳನ್ನೂ ನೋಡುತ್ತ ಬಂದಿದ್ದೇನೆ. ಹಾಗೆ ನೋಡಿದವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ನಾನು ಹುಟ್ಟುವುದಕ್ಕೂ ಮೊದಲು ನಡೆದುಹೋದದ್ದು. 1952ರ ಜುಲೈ 15, ಫಿನ್ಲೆಂಡಿನ ಹೆಲ್ಸಿಂಕಿ, ಒಲಿಂಪಿಕ್ಸ್. ಯುಗೊಸ್ಲಾವಿಯಾ 10, ಭಾರತ 1.

ನಮ್ಮವರಲ್ಲಿ ಹಲವರು ಅಲ್ಲಿಯೂ ಬರಿಗಾಲಿನಲ್ಲೇ ಆಡಿದರು. ಎರಡನೆಯ ನಿಮಿಷಕ್ಕೇ ಮೊದಲ ಗೋಲು. ಝೆಬೆಕ್ ಎಂಬ ಒಬ್ಬನೇ ನಾಲ್ಕು ಹೊಡೆದ. ಶೈಲೇನ್ ಮನ್ನಾ ನಾಯಕರು, ಹೈದರಾಬಾದಿನ ರಹೀಂ ಸಾಹೇಬರು ಕೋಚ್. ಹಿಂದಿನ ವರ್ಷವಷ್ಟೇ ದೆಹಲಿಯಲ್ಲಿ ಇರಾನನ್ನು ಮಣಿಸಿ ಏಷ್ಯನ್ ಗೇಮ್ಸ್‌ನ ಚಿನ್ನ ಗೆದ್ದ ತಂಡ ಇದು. ಆ ಒಂದೇ ಆಟಕ್ಕೆ ಒಲಿಂಪಿಕ್ಸ್ ಮುಗಿಸಿಕೊಂಡು ಊರಿಗೆ ಮರಳಿತು. ಇದಾದ ಮೇಲೆಯೇ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ಬರಿಗಾಲಿನಿಂದಲೇ ಸೋತರು ಎಂದು ಹೇಳುವವರಿದ್ದಾರೆ. ನನ್ನ ಕಾಲು ಅದನ್ನು ಅರ್ಧ ಮಾತ್ರ ಒಪ್ಪುತ್ತದೆ. ನಮ್ಮ ಎರಿ ಮಣ್ಣಿನಲ್ಲಿ ಮಳೆ ಬಿದ್ದ ಮಾರನೆಯ ದಿನ ಆಡಿದವರಿಗೆ ಗೊತ್ತು: ಹೆಜ್ಜೆಗೊಂದು ಪದರ ಮಣ್ಣು ಮೆತ್ತಿಕೊಂಡು ಹತ್ತು ಹೆಜ್ಜೆಗೆ ಕಾಲು ಒನಕೆಯಾಗುತ್ತದೆ, ಚೆಂಡು ಎಲ್ಲಿ ತಗಲಿತೆಂಬ ಅರಿವೂ ಇರುವುದಿಲ್ಲ. ಒಣ ನೆಲದಲ್ಲಾದರೆ ಅದೇ ಬರಿಗಾಲು ಕೈಯಷ್ಟು ಜಾಣ. 1948ರಲ್ಲಿ ಲಂಡನ್ನಿನ ಬಳಿಯ ಇಲ್ಫರ್ಡಿನಲ್ಲಿ ಬಹುತೇಕ ಬರಿಗಾಲಿನ ತಂಡವೇ ಫ್ರಾನ್ಸಿಗೆ ಬೆವರಿಳಿಸಿತ್ತು. ಎಪ್ಪತ್ತನೆಯ ನಿಮಿಷದಲ್ಲಿ ನಮ್ಮ ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತದ ಮೊತ್ತಮೊದಲ ಗೋಲು ಅದು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು.

ಲಂಡನ್ನಿನ ಆ ಸೋಲನ್ನು ಎಲ್ಲರೂ ನೆನೆಯುತ್ತಾರೆ, ನನಗೆ ಅದರ ಹತ್ತಿರ ಬಹಳ ಹೊತ್ತು ಕೂರಲಾಗುವುದಿಲ್ಲ. ಆ ಪೆನಾಲ್ಟಿ ಒಳಗೆ ಹೋಗಿದ್ದರೆ, ಇನ್ನೆರಡು ನಿಮಿಷ ತಡೆದಿದ್ದರೆ... ‘ರೆ’ಗಳೇ ಮುತ್ತಿಕೊಂಡು ಆಡಿದವರ ಮುಖ ಮರೆಯಾಗುತ್ತದೆ. ಹೆಲ್ಸಿಂಕಿಯಲ್ಲಿ ಆ ಕಾಟವಿಲ್ಲ. ಹತ್ತು ಗೋಲಿನ ಮುಂದೆ ಯಾವ ‘ರೆ’ ನಿಂತೀತು? ಆ ಯುಗೊಸ್ಲಾವಿಯಾ ಬೆಳ್ಳಿ ಗೆದ್ದ ತಂಡ. ಫೈನಲಿನಲ್ಲಿ ಪುಷ್ಕಾಶ್‌ನ ಹಂಗೇರಿಗೇ ಅದರ ಮೇಲೆ ಹೊಡೆಯಲಾದದ್ದು ಎರಡು ಗೋಲು. ಅಂಥವರ ಎದುರಿನ ಸೋಲಿನಲ್ಲಿ ಲೆಕ್ಕ ಹಾಕುವಂಥದ್ದೇನೂ ಉಳಿಯುವುದಿಲ್ಲ, ಆಡಿದವರಷ್ಟೇ ಉಳಿಯುತ್ತಾರೆ.

ಉಳಿದವರಲ್ಲಿ ನನ್ನ ಕಣ್ಣು ಹುಡುಕುವುದು ಅಹ್ಮದ್ ಖಾನರನ್ನು. ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದಾಗ ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಜನ ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇವರೂ ಒಬ್ಬರು, ಬೆಂಗಳೂರಿನ ಧನರಾಜರೂ ಒಬ್ಬರು. ಚೆಂಡನ್ನು ಕಾಲಲ್ಲಿ ಆಡಿಸುವ ಪರಿಗೆ ಖಾನರಿಗೆ ಹಾವಾಡಿಗನೆಂಬ ಹೆಸರು ಬಿದ್ದಿತ್ತು.

ಗೋಲು ಹಾಕಿಸಿಕೊಂಡ ತಂಡವೇ ಚೆಂಡನ್ನು ನಟ್ಟನಡುವೆ ಇಟ್ಟು ಆಟ ಮತ್ತೆ ಶುರುಮಾಡಬೇಕು. ಇದು ಫುಟ್ಬಾಲಿನ ನಿಯಮ. ನಮ್ಮ ಕಡೆಯ ಜಾತ್ರೆಯ ಕುಸ್ತಿಯಲ್ಲಿ ಬೆನ್ನಿಗೆ ಒಮ್ಮೆ ಮಣ್ಣು ಹತ್ತಿದರೆ ಮುಗಿಯಿತು, ಪೈಲ್ವಾನ ಮೈ ಕೊಡವಿಕೊಂಡು ಮಂದಿಯೊಳಗೆ ಮರೆಯಾಗಬಹುದು. ಫುಟ್ಬಾಲಿನಲ್ಲಿ ಅಂಥ ಬಿಡುಗಡೆ ಇಲ್ಲ. ಹೆಲ್ಸಿಂಕಿಯಲ್ಲಿ ನಮ್ಮ ಹುಡುಗರು ಹತ್ತು ಸಲ ಬಲೆಯಿಂದ ಚೆಂಡು ತೆಗೆದು ತಂದು, ಹತ್ತು ಸಲ ನಡುವೆ ಇಟ್ಟರು. ಹತ್ತನೆಯದು ಬಿದ್ದದ್ದು 87ನೆಯ ನಿಮಿಷದಲ್ಲಿ. ಆಗ ಉಳಿದದ್ದು ಮೂರು ನಿಮಿಷ. ಯಾರಾದರೂ ಸುಮ್ಮನೆ ಚೆಂಡು ಅತ್ತಿತ್ತ ತಳ್ಳಿ ಸೀಟಿಗೆ ಕಾಯುವ ಹೊತ್ತು ಅದು.

89ನೆಯ ನಿಮಿಷದಲ್ಲಿ ಅಹ್ಮದ್ ಖಾನ್ ಗೋಲು ಹೊಡೆದರು.

ಈ ಎರಡು ನಿಮಿಷಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ! ಗೋಲಿಗಿಂತ ಅದರ ಹಿಂದಿನ ಓಟವೇ ನನ್ನನ್ನು ಕಾಡುತ್ತದೆ. ಹತ್ತು ಹಾಕಿಸಿಕೊಂಡ ಮೈ ಮತ್ತೆ ಮುಂದಕ್ಕೆ ಓಡಬೇಕೆಂದು ತೀರ್ಮಾನಿಸಿತಲ್ಲ, ಅದು. ಆಮೇಲಿನ ಕ್ಷಣವೂ ಅಷ್ಟೇ ಇಷ್ಟ: ಇಡೀ ಆಟದಲ್ಲಿ ಒಂದೇ ಒಂದು ಸಲ, ಗೋಲು ಹಾಕಿಸಿಕೊಂಡವರಾಗಿ ಚೆಂಡನ್ನು ಎತ್ತಿಕೊಂಡು ನಡುವಿಗೆ ಹೋಗಬೇಕಾದವರು ಯುಗೊಸ್ಲಾವರು.

ಗೆಲುವುಗಳನ್ನೂ ಕಂಡಿದ್ದೇನೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಆ ರಾತ್ರಿ ಕುಣಿದಿದ್ದೆ. ಸೈಕಲ್ಲು, ಕುಸ್ತಿಗಳ ಈ ಸೀಮೆಯಲ್ಲಿ ಆ ಖುಷಿಗೆ ಜೊತೆಯಾದವರು ಕಡಿಮೆ. ಅಹ್ಮದ್ ಖಾನರು ಇದನ್ನು ನೋಡಲು ಇರಲಿಲ್ಲ. 2017ರ ಆಗಸ್ಟ್ 27ರಂದು, 90ರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ಅವರು ಹೋದ ಸುದ್ದಿ ಓದಿದ ದಿನ ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹೆಲ್ಸಿಂಕಿಯ ಕತೆಯನ್ನೆಲ್ಲ ಹೇಳಿದೆ. ಹತ್ತು ಗೋಲು ಎಂದಾಗ ಅವಳು ತಲೆ ಎತ್ತಲಿಲ್ಲ. ಒಂದು ಹೊಡೆದರು ಎಂದಾಗ ಮೊರ ನಿಂತಿತು.

“ಬರಿಗಾಲಾಗ?”

“ಭಾಳ ಮಂದಿ ಬರಿಗಾಲಾಗ ಆಡಿದ್ರು ಬೇ.”

“ಅಲ್ಲೆ ಥಂಡಿ ಭಾಳ ಇರ್ತೈತಂತಲ್ಲೋ,” ಅಂದಳು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಜೋಳವನ್ನೇ ನೋಡುತ್ತಿದ್ದು, “ಪಾದ ಒಡದಿರಬೇಕು, ಪಾಪ,” ಎಂದು ಮತ್ತೆ ಕೇರತೊಡಗಿದಳು.