ಮಡಿಸುವ ಬೈಸಿಕಲ್ಲು

ಐವತ್ತೈದು ದಾಟಿದ ಮೇಲೆ ಮಾಡುವ ದುಂದುವೆಚ್ಚಕ್ಕೆ ಕ್ಷಮೆಯಿಲ್ಲ ಎಂಬುದು ನಮ್ಮ ತಂದೆಯವರ ಅಭಿಪ್ರಾಯವಾಗಿತ್ತು. ಇಪ್ಪತ್ತರಲ್ಲಿ ಮಾಡಿದರೆ ಹುಡುಗಾಟ, ಮೂವತ್ತರಲ್ಲಿ ಮಾಡಿದರೆ ಹೆಂಡತಿಯ ಮೇಲಿನ ಮೋಹ, ನಲವತ್ತರಲ್ಲಿ ಮಾಡಿದರೆ ಮಕ್ಕಳ ಮೇಲಿನ ಮಮತೆ. ಐವತ್ತೈದರಲ್ಲಿ ಮಾಡಿದರೆ ಅದಕ್ಕೆ ಅವಿವೇಕವೆಂಬುದಲ್ಲದೆ ಬೇರೆ ಹೆಸರಿಲ್ಲ ಎನ್ನುತ್ತಿದ್ದರು. ಅಂಥವರ ಮಗನಾದ ನಾನು ಐವತ್ತಾರನೆಯ ವಯಸ್ಸಿನಲ್ಲಿ 1,15,000 ರೂಪಾಯಿ ತೆತ್ತು ಒಂದು ಬೈಸಿಕಲ್ಲನ್ನು ಕೊಂಡೆ. ಅದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ; ತುಳಿದರೆ ಮಾತ್ರ ಓಡುತ್ತದೆ. ಅದರ ವಿಶೇಷಗಳು ಎರಡೇ: ಮಡಿಸಬಹುದು, ಮಡಿಸಿದ್ದನ್ನು ಒಂದೇ ಕೈಯಲ್ಲಿ ಎತ್ತಬಹುದು.

ಕಾರಣವನ್ನು ಹೇಳಿಬಿಡುತ್ತೇನೆ. ನಮ್ಮ ಮನೆ ಬನಶಂಕರಿ ಎರಡನೆಯ ಹಂತದಲ್ಲಿ, ಮೂರನೆಯ ಮಹಡಿಯಲ್ಲಿ. ನಾನು ಲೆಕ್ಕ ಬರೆಯುವ ಕಾರ್ಖಾನೆ ಇರುವುದು ಪೀಣ್ಯದಲ್ಲಿ. ನಡುವಣ ದೀರ್ಘ ಪ್ರಯಾಣವನ್ನು ಮೆಟ್ರೋ ರೈಲು ಹೂವೆತ್ತಿದಂತೆ ಮುಗಿಸಿಕೊಡುತ್ತದೆ. ಆದರೆ ಮನೆಯಿಂದ ನಿಲ್ದಾಣಕ್ಕೆ 2 ಕಿಲೋಮೀಟರು, ಪೀಣ್ಯದಲ್ಲಿ ಇಳಿದ ಮೇಲೆ ಕಾರ್ಖಾನೆಗೆ ಮತ್ತೆ 2 ಕಿಲೋಮೀಟರು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತೆಂಬ ಗಾದೆಯನ್ನು ಕಟ್ಟಿದವನಿಗೆ ಬೆಂಗಳೂರಿನ ಮೆಟ್ರೋ ಗೊತ್ತಿರಲಾರದು. ಆದರೂ ಅವನು ನನ್ನ ಸ್ಥಿತಿಯನ್ನೇ ಬಣ್ಣಿಸಿದ್ದಾನೆ. ಇದರ ಜೊತೆಗೆ ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಮೂರು ತಿಂಗಳ ಸರಾಸರಿ 8.1 ಬಂದುದನ್ನು ನೋಡಿ ವೈದ್ಯರು, "ಏನಾದರೂ ಮಾಡಿ, ಮೈ ಬೆವರಲಿ" ಎಂದರು.

ಒಂದು ಭಾನುವಾರ ನಾನು ಕಾಗದ ಪೆನ್ಸಿಲುಗಳೊಂದಿಗೆ ನನ್ನಾಕೆಯ ಮುಂದೆ ಕುಳಿತೆ. "ನೋಡು, 2025ರ ಆಗಸ್ಟಿನಿಂದ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಆಗಿದೆ. ದಿನಕ್ಕೆ ನಾಲ್ಕು ಸಲ ಹತ್ತಿದರೆ 144. ತಿಂಗಳಿಗೆ 22 ದಿನವೆಂದರೆ 3,168. ವರ್ಷಕ್ಕೆ 38,016. ಮೂರು ವರ್ಷ ಹತ್ತು ದಿನಕ್ಕೆ ಬೈಸಿಕಲ್ಲಿನ ಹಣ ಹುಟ್ಟುತ್ತದೆ!" ಎಂದೆ.

ಅವಳು ಸೊಪ್ಪು ಬಿಡಿಸುತ್ತಲೇ, "ಲೆಕ್ಕ ಸರಿಯಾಗಿದೆ. ಆದರೆ ನೀವು ಎಂದಾದರೂ ದಿನಕ್ಕೆ ನಾಲ್ಕು ಸಲ ಆಟೋ ಹತ್ತಿದ್ದುಂಟೇ? ಮಳೆ ಬಂದರೆ ಒಂದು ಸಲ. ಉಳಿದ ದಿನ ಬಸ್ಸು, ಇಲ್ಲವೆ ಕಾಲ್ನಡಿಗೆ" ಎಂದಳು. ಮೂವತ್ತು ವರ್ಷ ಲೆಕ್ಕ ಬರೆದವನ ಬಾಯಿ ಒಂದು ಕಟ್ಟು ಸೊಪ್ಪಿನ ಮುಂದೆ ಕಟ್ಟಿಹೋಯಿತು.

"ಹತ್ತು ಹನ್ನೆರಡು ಸಾವಿರಕ್ಕೆ ಒಳ್ಳೆಯ ಸಾಧಾರಣ ಸೈಕಲ್ಲೇ ಬರುತ್ತದಂತೆ" ಎಂದು ಅವಳೇ ಮುಂದುವರಿಸಿದಳು. ಬರುತ್ತದೆ, ನಿಜ. ಆದರೆ ಅದನ್ನು ಬನಶಂಕರಿ ನಿಲ್ದಾಣದಲ್ಲಿ ಬಿಟ್ಟರೆ ಪೀಣ್ಯದಲ್ಲಿ ಕಾಲೇ ಗತಿ. ಆ ಕಡೆಗೊಂದು ಈ ಕಡೆಗೊಂದು ಎಂದು ಎರಡನ್ನು ಇಡಬಹುದು. ಪೀಣ್ಯದ್ದು ರಾತ್ರಿಯೆಲ್ಲಾ ಬೀದಿಯಲ್ಲಿ ನಿಲ್ಲಬೇಕು. ಹಾಗೆ ನಿಂತದ್ದು ಬೆಳಿಗ್ಗೆಯೂ ನಿಂತಿರುತ್ತದೆಂದು ನಂಬುವಷ್ಟು ಆಸ್ತಿಕತೆ ನನ್ನಲ್ಲಿಲ್ಲ.

ಮಾತು ಅಲ್ಲಿಗೆ ನಿಂತಿತು. ಒಂದು ವಾರ ಕಳೆದ ಮೇಲೆ ಅವಳು ಬೀರುವಿನಿಂದ ಒಂದು ಹಳದಿ ಲಕೋಟೆಯನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ 60,000 ರೂಪಾಯಿ ಇತ್ತು. ಮದುವೆಯ ಕಾಲದ ಎರಡು ಬಳೆಗಳು ಸವೆದು ದಾರದಂತಾಗಿದ್ದುವು. ಅವನ್ನು ಅಳಿಸಿ, ಇನ್ನಷ್ಟು ಚಿನ್ನ ಸೇರಿಸಿ ಹೊಸದಾಗಿ ಮಾಡಿಸಬೇಕೆಂದು ಆರೇಳು ವರ್ಷಗಳಿಂದ ಅವಳು ಕೂಡಿಟ್ಟ ಹಣವದು. "ಚಿನ್ನದ ಬೆಲೆ ನಾನು ಓಡಿದಷ್ಟೂ ಮುಂದಕ್ಕೇ ಓಡುತ್ತಿದೆ. ನಿಮ್ಮ ಸಕ್ಕರೆಯಾದರೂ ಇಳಿಯಲಿ" ಎಂದಳು. ಬೇಡವೆನ್ನಬೇಕಾಗಿತ್ತು. ನಾನು ಎನ್ನಲಿಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮಡಿಸುವ ಬೈಸಿಕಲ್ಲು ಹೊಸ ಸೃಷ್ಟಿಯೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಚೂಟ್ ಸೈನಿಕರಿಗಾಗಿ ಇಂಥವನ್ನು ತಯಾರಿಸಿದ್ದರು. ಪಟ್ಟಣಿಗರ ಪಾಲಿಗೆ ಪ್ರಸಿದ್ಧವಾದುದು ಲಂಡನ್ನಿನ ಬ್ರಾಂಪ್ಟನ್. ಆಂಡ್ರ್ಯೂ ರಿಚಿ ಎಂಬ ಎಂಜಿನಿಯರು 1975ರಲ್ಲಿ ತಮ್ಮ ಮಲಗುವ ಕೋಣೆಯಲ್ಲೇ ಅದರ ಕೆಲಸಕ್ಕೆ ತೊಡಗಿದರು. ಎದುರಿಗಿದ್ದ ಬ್ರಾಂಪ್ಟನ್ ಆರೇಟರಿ ಎಂಬ ಇಗರ್ಜಿಯ ಹೆಸರೇ ಬೈಸಿಕಲ್ಲಿಗೂ ಬಂತು. ಹಿಂದಿನ ಚಕ್ರ ಚೌಕಟ್ಟಿನ ಅಡಿಗೆ ಮಗುಚಿಕೊಳ್ಳುತ್ತದೆ, ಮುಂದಿನದು ಪಕ್ಕಕ್ಕೆ ಬಂದು ಸೇರುತ್ತದೆ, ಹ್ಯಾಂಡಲು ಕೆಳಗೆ ಬಾಗುತ್ತದೆ. ಎರಡಡಿ ಉದ್ದ, ಎರಡಡಿ ಎತ್ತರದ ಗಂಟು ಉಳಿಯುತ್ತದೆ. ಅದರ ಉಕ್ಕಿನ ಮಾದರಿಗಳು ಸುಮಾರು 11–12 ಕಿಲೋ ತೂಗುತ್ತವೆ. 2022ರಲ್ಲಿ ಬಂದ ಟೈಟಾನಿಯಂ ಮಾದರಿ ಸುಮಾರು ಏಳೂವರೆ ಕಿಲೋ. ಬೆಲೆ ಮಾತ್ರ ಅದೇ ಪ್ರಮಾಣದಲ್ಲಿ ಮೇಲೇರಿತು. ನನ್ನದು ಬೇರೊಂದು ಕಡೆಯ ಅಲ್ಯೂಮಿನಿಯಂ ಬೈಸಿಕಲ್ಲು, 9 ಕಿಲೋ. ಹೆಸರು ಬೇಡ.

ಹಗುರವೆಂಬುದಕ್ಕೆ ನಾವು ಕೊಡುವ ಬೆಲೆಯ ವಿಚಾರವಾಗಿ ಒಂದು ಮಾತು. ನನ್ನ ತೂಕ 72 ಕಿಲೋ, ಚೀಲದ ತೂಕ 4. ಇದರ ಬದಲು 12 ಕಿಲೋದ್ದನ್ನು ಕೊಂಡಿದ್ದರೆ ಒಟ್ಟು 88 ಆಗುತ್ತಿತ್ತು, ಈಗ 85. ತುಳಿಯುವಾಗ ಏರಿನಲ್ಲಿ ನೂರಕ್ಕೆ ಮೂರು ನಾಲ್ಕರಷ್ಟು ಉಳಿತಾಯ. ಸಮನೆಲದಲ್ಲಿ ಅದೂ ಗೊತ್ತಾಗದು. ಹಗುರವು ಕಾಲಿಗೆ ಸಲ್ಲುವುದಿಲ್ಲ, ಕೈಗೆ ಸಲ್ಲುತ್ತದೆ. ನಮ್ಮ ಮನೆಯ 54 ಮೆಟ್ಟಿಲುಗಳನ್ನು ಹತ್ತುವಾಗ ಆ ಮೂರು ಕಿಲೋ ಏನೆಂಬುದು ತಿಳಿಯುತ್ತದೆ. ಆದಕಾರಣ, ಮೆಟ್ಟಿಲಿಲ್ಲದ ಮನೆಯವರು ಹಗುರಕ್ಕಾಗಿ ಹಣ ಸುರಿಯುವುದು ವ್ಯರ್ಥ. ಚಿಕ್ಕ ಚಕ್ರವಾದ್ದರಿಂದ ಎರಡರಷ್ಟು ತುಳಿಯಬೇಕೆಂಬುದೂ ಭ್ರಮೆಯೇ; ಮುಂದಿನ ಹಲ್ಲಿನ ಚಕ್ರವನ್ನು ದೊಡ್ಡದಾಗಿ, ಹಿಂದಿನದನ್ನು ಚಿಕ್ಕದಾಗಿ ಮಾಡಿ ಅದನ್ನು ಸರಿದೂಗಿಸಿರುತ್ತಾರೆ.

ಮೊದಲನೆಯ ದಿನ ನಿಲ್ದಾಣದ ಬಾಗಿಲಲ್ಲಿ ನಿಂತು ಮಡಿಸತೊಡಗಿದೆ. ಅಂಗಡಿಯಾತ ಇಪ್ಪತ್ತು ಸೆಕೆಂಡುಗಳಲ್ಲಿ ಮಾಡಿ ತೋರಿಸಿದ್ದ ಕೆಲಸಕ್ಕೆ ನನಗೆ ನಾಲ್ಕು ನಿಮಿಷ ಹಿಡಿಯಿತು. ಸುತ್ತ ಹತ್ತು ಹದಿನೈದು ಜನ ಸೇರಿದರು. ನಮ್ಮ ಮೆಟ್ರೋದಲ್ಲಿ ಮಡಿಸಿದ ಬೈಸಿಕಲ್ಲಿಗೆ ಅನುಮತಿ ಬಂದುದು 2022ರ ಜೂನಿನಲ್ಲಿ. ಆಗ ಹಾಕಿದ ನಿಬಂಧನೆಗಳೆಂದರೆ: ತೂಕ 15 ಕಿಲೋ ಮೀರಕೂಡದು, ಗಾತ್ರಕ್ಕೂ ಮಿತಿಯುಂಟು, ಸಾಮಾನು ಪರೀಕ್ಷಿಸುವ ಯಂತ್ರದೊಳಗೆ ತೂರಿಸಬೇಕು, ಕಡೆಯ ಬೋಗಿಯಲ್ಲೇ ಹತ್ತಬೇಕು. ಯಂತ್ರದ ಪರದೆಯ ಮೇಲೆ ನನ್ನ ಬೈಸಿಕಲ್ಲಿನ ಅಸ್ಥಿಪಂಜರವು ಕಾಣಿಸಿದಾಗ ನನಗೇಕೋ ಆಸ್ಪತ್ರೆಯಲ್ಲಿ ನಿಂತಂತಾಯಿತು. ಬೋಗಿಯಲ್ಲಿ ಒಂದು ಪುಟ್ಟ ಹುಡುಗಿ, "ತಾತಾ, ಇದು ನಿಮ್ಮ ಮೊಮ್ಮಗನದೇ?" ಎಂದು ಕೇಳಿದಳು. "ಹೌದಮ್ಮ" ಎಂದುಬಿಟ್ಟೆ. ನನಗಿನ್ನೂ ಮೊಮ್ಮಗನಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರ ತಡೆದ. "ಸಾರ್, ಸೈಕಲ್ಲು ಹೊರಗಡೆ ಸ್ಟ್ಯಾಂಡಿನಲ್ಲಿ." ನಾನು ಅಲ್ಲೇ ಮಡಿಸಿ, ಬಟ್ಟೆಯ ಚೀಲ ಹೊದಿಸಿ, "ಈಗ?" ಎಂದೆ. ಅವನು ಸ್ವಲ್ಪ ಹೊತ್ತು ಧರ್ಮಸೂಕ್ಷ್ಮವನ್ನು ಯೋಚಿಸಿ, "ಈಗ ಲಗೇಜು ಸಾರ್, ಹೋಗಿ" ಎಂದ. ಅಂದಿನಿಂದ ಅದು ನನ್ನ ಮೇಜಿನ ಅಡಿಯಲ್ಲಿ ಸಾಧುವಾದ ನಾಯಿಯಂತೆ ಮಲಗುತ್ತದೆ.

ನಾಲ್ಕು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು. ಬಾಗಿಲಿನಿಂದ ಬಾಗಿಲಿಗೆ ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು. ಅನಂತರ ಮಳೆಗಾಲ ಬಂತು. ಒಂದು ಸಂಜೆ, ಮಳೆ ನಿಂತ ಮೇಲೆ, ಪೀಣ್ಯದ ರಸ್ತೆಯೊಂದರಲ್ಲಿ ನೀರು ತುಂಬಿದ ಹಳ್ಳವನ್ನು ಬರಿಯ ನೀರೆಂದು ತಿಳಿದು ಮುಂದುವರಿದೆ. ನಮ್ಮ ತಂದೆಯವರು ಚಾಮರಾಜಪೇಟೆಯಿಂದ ಕಚೇರಿಗೆ ಇಪ್ಪತ್ತೆಂಟು ವರ್ಷ ತುಳಿದ ಕಪ್ಪು ಬೈಸಿಕಲ್ಲಿಗೆ 28 ಅಂಗುಲದ ಚಕ್ರಗಳಿದ್ದುವು. ಅದು ಇಪ್ಪತ್ತು ಕಿಲೋ ತೂಗುತ್ತಿದ್ದಿರಬೇಕು. ಅದರ ಅಡ್ಡಪಟ್ಟಿಯ ಮೇಲೆ ಕುಳಿತೇ ನಾನು ಶಾಲೆಗೆ ಹೋದವನು. ದೊಡ್ಡ ಚಕ್ರವು ಹಳ್ಳವನ್ನು ಉರುಳಿ ದಾಟುತ್ತದೆ. 16 ಅಂಗುಲದ ಚಕ್ರ ಅದರೊಳಗೆ ಇಳಿದು ಕುಳಿತುಬಿಡುತ್ತದೆ. ಬೈಸಿಕಲ್ಲು ಕುಳಿತಿತು, ನಾನು ಮುಂದಕ್ಕೆ ಹೋದೆ. ಎಡ ಮಣಿಕಟ್ಟು ಉಳುಕಿತು, ಟೈರು ಸೀಳಿತು. ಹಿಂದೆ ಬರುತ್ತಿದ್ದ ಲಾರಿಯವನು ನಿಲ್ಲಿಸಿದ. ಅವನು ನಿಲ್ಲಿಸದಿದ್ದಲ್ಲಿ ಈ ಪ್ರಬಂಧವಿರುತ್ತಿರಲಿಲ್ಲ.

ಹತ್ತಿರದ ಪಂಕ್ಚರ್ ಅಂಗಡಿಯ ಮುದುಕರು ಟೈರನ್ನು ನೋಡಿ, "ಹದಿನಾರು ಇಂಚು ತಾನೆ ಸಾರ್, ಮಕ್ಕಳ ಸೈಕಲ್ಲಿಂದು ನನ್ನ ಹತ್ತಿರವೇ ಇದೆ" ಎಂದರು. ಹಾಕಿ ನೋಡಿದರೆ ಕೂರದು. ಹದಿನಾರರಲ್ಲೂ ಎರಡು ಜಾತಿ! ಮಕ್ಕಳ ಸೈಕಲ್ಲಿನ ಟೈರು ಕೂರುವ ಅಳತೆ 305 ಮಿಲಿಮೀಟರು, ನನ್ನದು 349. ಮುದುಕರು ನಕ್ಕು, ಹಳೆಯ ಟೈರಿನ ಒಂದು ತುಂಡನ್ನು ಕತ್ತರಿಸಿ ಸೀಳಿನ ಒಳಗೆ ಕೂರಿಸಿ, ಟ್ಯೂಬಿಗೆ ತೇಪೆ ಹಾಕಿ, 40 ರೂಪಾಯಿ ತೆಗೆದುಕೊಂಡರು. "ಎಷ್ಟು ಸಾರ್ ಇದಕ್ಕೆ?" ಎಂದು ಕೇಳಿದರು. ನಾನು ಹೇಳಲಿಲ್ಲ. ಸರಿಯಾದ ಟೈರು ಬರಲು ಹನ್ನೆರಡು ದಿನ ಹಿಡಿಯಿತು; ಅಷ್ಟು ದಿನ ಪುನಃ ಬಸ್ಸು.

ಮನೆಯಲ್ಲಿ ಬಿದ್ದ ಸುದ್ದಿಯನ್ನು ಮುಚ್ಚಿಡಬೇಕೆಂದಿದ್ದೆ. ಎಡಗೈಯಲ್ಲಿ ಕಾಫಿ ಲೋಟ ಹಿಡಿಯಲಾರದವನು ಎಷ್ಟು ಹೊತ್ತು ಮುಚ್ಚಿಟ್ಟಾನು? ಅವಳು ಏನೂ ಬಯ್ಯದೆ ಅರಿಶಿನ ಬಿಸಿ ಮಾಡಿ ತಂದು ಪಟ್ಟು ಹಾಕತೊಡಗಿದಳು. ಹಾಕುವಾಗ ಆ ದಾರದಂಥ ಬಳೆಗಳು ನನ್ನ ಮೊಣಕೈಗೆ ತಗುಲುತ್ತಿದ್ದುವು. ಅವಕ್ಕೆ ಸದ್ದು ಕೂಡ ಉಳಿದಿರಲಿಲ್ಲ.

"ಮಾರಿಬಿಡುತ್ತೇನೆ. ಆಫೀಸಿನ ಹುಡುಗನೊಬ್ಬ ಎಂಬತ್ತು ಸಾವಿರಕ್ಕೆ ಕೇಳುತ್ತಿದ್ದಾನೆ. ನಿನ್ನ ಹಣ ನಿನಗೆ ಬರುತ್ತದೆ" ಎಂದೆ.

ಅವಳು ಪಟ್ಟು ಕಟ್ಟುವುದನ್ನು ಮುಗಿಸಿ, "ಸಕ್ಕರೆ ಎಷ್ಟು ಬಂತು ಈ ಸಲ?" ಎಂದು ಕೇಳಿದಳು. 7.2 ಬಂದಿತ್ತು. ಅದು ಸಾಧಾರಣ ಸೈಕಲ್ಲು ತುಳಿದಿದ್ದರೂ ಬರುತ್ತಿತ್ತು, ಸಂಜೆಯ ಮೈಸೂರುಪಾಕನ್ನು ಬಿಟ್ಟದ್ದೂ ಅದರಲ್ಲಿ ಸೇರಿದೆ ಎಂದು ನಾನು ಪ್ರಾಮಾಣಿಕವಾಗಿ ವಾದಿಸಿದೆ. ಅವಳು ವಾದಕ್ಕೆ ಬರಲಿಲ್ಲ.

ದಿನವೂ ಕಚೇರಿಗೆ ಹೋಗಿಬರಲು ಇಂಥ ಬೈಸಿಕಲ್ಲು ತಕ್ಕುದೇ ಎಂದು ಈಗ ಯಾರಾದರೂ ಕೇಳಿದರೆ ನಾನು ಮೂರು ಪ್ರಶ್ನೆಗಳನ್ನು ಮರಳಿ ಕೇಳುತ್ತೇನೆ. ದಾರಿಯ ನಡುವೆ ರೈಲುಂಟೇ? ಎರಡು ಕೊನೆಗಳಲ್ಲೂ ಒಳಗಿಡಲು ಜಾಗವುಂಟೇ? ಎತ್ತಿಕೊಂಡು ಹತ್ತಬೇಕಾದ ಮೆಟ್ಟಿಲುಂಟೇ? ಮೂರಕ್ಕೂ ಹೌದೆಂದರೆ ಕೊಳ್ಳಬಹುದು. ಕೊಂಡ ಮೇಲೆ ಒಂದು ಟೈರು, ಎರಡು ಟ್ಯೂಬುಗಳನ್ನು ಮನೆಯಲ್ಲಿಟ್ಟಿರಬೇಕು. ನೀರು ನಿಂತ ಕಡೆ ಇಳಿದು ನಡೆಯಬೇಕು. ಒಂದಕ್ಕೆ ಇಲ್ಲವೆಂದರೂ ಸಾಧಾರಣ ಸೈಕಲ್ಲೇ ಲೇಸು. ಹಣ ಹುಟ್ಟುತ್ತದೆಂದು ಮಾತ್ರ ಯಾರೂ ಹೆಂಡತಿಯ ಮುಂದೆ ಲೆಕ್ಕ ಹಾಕಕೂಡದು.

ಹೊಸ ಟೈರು ಬಂದ ಭಾನುವಾರ ಬೆಳಿಗ್ಗೆ ಅದನ್ನು ಹಾಕಿಸಿ, ಆ ಹುಡುಗನಿಗೆ ಫೋನು ಮಾಡಲೆಂದು ಮೇಲಕ್ಕೆ ಹೊರಟಿದ್ದೆ. ನನ್ನಾಕೆ ಕೆಳಗಿಳಿದು ಬಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಅರಸೀಕೆರೆಯಲ್ಲಿ ಅವಳ ಅಣ್ಣಂದಿರೆಲ್ಲ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಸೈಕಲ್ಲು ಕಲಿತಿದ್ದರು. ಲಂಗದ ಹುಡುಗಿಗೆ ಆ ಪಟ್ಟಿಯೇ ಬೇಲಿಯಾಗಿತ್ತೆಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಳು. ನಾನು ಮರೆತಿದ್ದೆ. ಅವಳು ಆ ಪುಟ್ಟ ಬೈಸಿಕಲ್ಲನ್ನು ಒಂದು ಸುತ್ತು ನೋಡಿ, ಪಟ್ಟಿಯಿಲ್ಲದ ಆ ತಗ್ಗಾದ ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ರೀ, ಫೋನು ಆಮೇಲೆ ಮಾಡುವಿರಂತೆ. ಸೀಟು ಸ್ವಲ್ಪ ಇಳಿಸಿಕೊಡಿ" ಎಂದಳು.