ಪಕ್ಕದ ಪರದೇಶ

ಬೀದರ, ಭಾಲ್ಕಿ, ಔರಾದ ಕಡೆಯವರು ಹೊರಗೆ ಆಸ್ತಿ ಮಾಡುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಬೀದರ ಶಹರದವರು ಜಹೀರಾಬಾದ್, ಸಂಗಾರೆಡ್ಡಿ ಹಾದು ಹೈದರಾಬಾದಿನವರೆಗೂ ಪ್ಲಾಟು ನೋಡುತ್ತಾರೆ. ಭಾಲ್ಕಿಯವರ ಕಣ್ಣು ಉದಗೀರದ ಕಡೆ. ಔರಾದದವರಿಗೆ ಒಂದು ಕಡೆ ನಾರಾಯಣಖೇಡ, ಇನ್ನೊಂದು ಕಡೆ ದೇಗಲೂರು. ವಿಕಾರಾಬಾದಿನಿಂದ ಹೊರಟ ರೈಲುಹಳಿ ಜಹೀರಾಬಾದ್ ದಾಟಿ ಬೀದರ, ಭಾಲ್ಕಿ, ಕಮಲನಗರ ಮುಟ್ಟಿ ಉದಗೀರಕ್ಕೆ ಹೋಗುತ್ತದೆ. ಒಂದೇ ಹಳಿಯ ಮೇಲೆ ಮೂರು ರಾಜ್ಯ. ಬೋಗಿಯೊಳಗಿನ ಮಾತು ಕನ್ನಡ, ತೆಲುಗು, ಮರಾಠಿ, ದಖ್ಖನಿ ಎಂದು ಕಲಸಿಕೊಂಡೇ ಇರುತ್ತದೆ. ಬೀಗರು ಆ ಕಡೆಯೂ ಇದ್ದಾರೆ, ಈ ಕಡೆಯೂ ಇದ್ದಾರೆ. ಎಲ್ಲವೂ ತನ್ನದೇ ಎನಿಸುವ ಈ ಸೀಮೆ ಪರದೇಶವಾಗುವುದು ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ.

ಕಾರಣ 1956ರದ್ದು. ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯನ್ನು ಆ ವರ್ಷದ ನವೆಂಬರ್ 1ರಂದು ಮೂರು ಪಾಲು ಮಾಡಿದರು. ಅಹ್ಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ. ಹಂಚಿಕೆ ತಾಲ್ಲೂಕಿಗೇ ನಿಲ್ಲಲಿಲ್ಲ. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ಲನ್ನು ಈ ಕಡೆ ಉಳಿಸಿಕೊಂಡು, ಬೀದರ ತಾಲ್ಲೂಕಿನದೇ ಆದ ನ್ಯಾಲಕಲ್ ಸರ್ಕಲ್ಲನ್ನು ಆ ಕಡೆ ಕೊಟ್ಟರು. ನ್ಯಾಲಕಲ್ಲಿನ ಒಂದು ಹೊಲವನ್ನೇ ತೆಗೆದುಕೊಂಡರೆ, ಅದು 1956ರವರೆಗೆ ಬೀದರ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರದ ಮೇದಕ್ ಜಿಲ್ಲೆಗೆ ಹೋಯಿತು, 2014ರಲ್ಲಿ ತೆಲಂಗಾಣದ್ದಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯ ಲೆಕ್ಕಕ್ಕೆ ಬಂತು. ಹೊಲ ಒಂದಡಿಯೂ ಸರಿದಿಲ್ಲ. ಉದಗೀರದ ಕಥೆಯೂ ಹೀಗೆಯೇ: ಬೀದರ, ಉಸ್ಮಾನಾಬಾದ್, 1982ರಿಂದ ಲಾತೂರು.

ಹೊಲದ ಹಿಂದೆ ಕಾಗದವೂ ಬೇರೆಯಾಯಿತು. ಕರ್ನಾಟಕದಲ್ಲಿ ಪಹಣಿ, ಮುಟೇಶನ್, ಖಾತಾ. ಹಳ್ಳಿಯ ನಿವೇಶನವಾದರೆ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11. ಉದಗೀರಕ್ಕೆ ಹೋದರೆ ಇವುಗಳ ಬದಲು, ಇದೇ ಕ್ರಮದಲ್ಲಿ, ಕೇಳಬೇಕಾದದ್ದು ಸಾತ್‌ಬಾರಾ, ಫೇರ್‌ಫಾರ್ ಮತ್ತು ಆಠ್-ಅ. ಸಾತ್‌ಬಾರಾ ಅಂದರೆ ಹಳ್ಳಿಯ ಲೆಕ್ಕದ 7 ಮತ್ತು 12ನೇ ನಮೂನೆ ಸೇರಿಸಿದ ಉತಾರೆ, ಅಷ್ಟೆ. ತೆಲಂಗಾಣದಲ್ಲಿ ಪಟ್ಟಾದಾರ್ ಪಾಸ್‌ಬುಕ್ಕು. ಅಲ್ಲಿ 2020ರ ಅಕ್ಟೋಬರಿನಲ್ಲಿ ಧರಣಿ ಎಂಬ ಗಣಕ ವ್ಯವಸ್ಥೆ ಬಂತು, 2025ರ ಏಪ್ರಿಲಿನಲ್ಲಿ ಅದರ ಜಾಗಕ್ಕೆ ಭೂ ಭಾರತಿ ಬಂತು. ಧರಣಿಯಲ್ಲಿ ತಪ್ಪಾಗಿ ಕೂತ ಹೆಸರನ್ನು ಸರಿಪಡಿಸಿಕೊಳ್ಳಲು ಅಲೆದವರಿಗೆ ಲೆಕ್ಕವಿಲ್ಲ, ಆದ್ದರಿಂದ ಕೊಳ್ಳುವವರು ಹೊಸ ಪಾಸ್‌ಬುಕ್ಕಿನ ಹೊಳಪು ನೋಡಿ ಸುಮ್ಮನಾಗಬಾರದು.

ಅಳತೆಯಲ್ಲೂ ಎಡವುವವರಿದ್ದಾರೆ. ಬೀದರದಲ್ಲಿ ನಿವೇಶನವನ್ನು ಅಡಿಯಲ್ಲಿ ಹೇಳುತ್ತಾರೆ, ಜಹೀರಾಬಾದಿನಲ್ಲಿ ಗಜದಲ್ಲಿ. ಅಲ್ಲಿಯ ಗಜ ಅಂದರೆ ಒಂದು ಚದರ ಗಜ, 9 ಚದರಡಿ. ಮೂವತ್ತು-ನಲವತ್ತರ ನಿವೇಶನ 133 ಗಜ ಚಿಲ್ಲರೆ ಆಗುತ್ತದೆ. ಗಜದ ದರ ಕೇಳಿ ದುಬಾರಿಯೆಂದು ಬೆಚ್ಚಿದವರು ಒಂಬತ್ತರಿಂದ ಭಾಗಿಸಿಕೊಂಡು ನೋಡುವುದು ಒಳ್ಳೆಯದು. ಇಲ್ಲಿಯ ಗುಂಟೆ 121 ಗಜ, ಅಂದರೆ 1089 ಚದರಡಿ. ಮಹಾರಾಷ್ಟ್ರದ ಸಾತ್‌ಬಾರಾದಲ್ಲಿ ಇರುವುದು ಹೆಕ್ಟೇರು ಮತ್ತು ಆರ್. ಬಾಯಿಮಾತಿನಲ್ಲಿ ಆರ್ ಅನ್ನೂ ಗುಂಟಾ ಎಂದೇ ಅಂದುಬಿಡುತ್ತಾರೆ, ಆದರೆ ಒಂದು ಆರ್ 1076 ಚದರಡಿ ಮಾತ್ರ. ಹದಿಮೂರು ಅಡಿಯ ವ್ಯತ್ಯಾಸ ಎಂದು ನಗಬಹುದು. ನಲವತ್ತು ಗುಂಟೆಗೆ ಅದು ಸುಮಾರು 500 ಚದರಡಿ, ಬಚ್ಚಲು ಸಮೇತ ಒಂದು ಸಣ್ಣ ಮನೆಯ ಜಾಗ.

ಮೂರೂ ರಾಜ್ಯಗಳ ಈ ಕಾಗದಗಳ ಅಡಿಯಲ್ಲಿ ಒಂದೇ ಹಳೆಯ ಕಾಗದವಿದೆ. ಮೂಲ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ನಿಜಾಮನ ಕಾಲದ ಉರ್ದು ದಾಖಲೆ, ಅದರ ಮೇಲೆ ಫಸ್ಲಿ ಇಸವಿ. ಫಸ್ಲಿಗೆ 590 ಕೂಡಿಸಿದರೆ ಹತ್ತಿರ ಹತ್ತಿರ ಇಂಗ್ಲಿಷ್ ವರ್ಷ ಬರುತ್ತದೆ; 1347 ಫಸ್ಲಿ ಎಂದಿದ್ದರೆ 1937ರ ಮಾತು. ಹೈದರಾಬಾದ್ ರಾಜ್ಯ ಒಡೆಯುವುದಕ್ಕೆ ಸ್ವಲ್ಪ ಮೊದಲು, 1954-55ರಲ್ಲಿ ಬರೆದ ಖಾಸ್ರಾ ಪಹಣಿಯನ್ನು ತೆಲಂಗಾಣದ ವಕೀಲರು ಇಂದಿಗೂ ಮೊದಲು ಕೇಳುತ್ತಾರೆ. ಅದರಲ್ಲಿ ಇನಾಮು, ಸರ್ಕಾರಿ, ವಕ್ಫ್ ಎಂದು ಕಂಡ ಜಮೀನು ಈಗಿನ ಪಾಸ್‌ಬುಕ್ಕಿನಲ್ಲಿ ಯಾರದೋ ಖಾಸಗಿ ಪಟ್ಟಾ ಆಗಿದ್ದರೆ, ನಡುವೆ ಏನು ನಡೆಯಿತೆಂಬುದಕ್ಕೆ ಹಾಳೆ ಹಾಳೆಯಾಗಿ ಲೆಕ್ಕ ಸಿಗಬೇಕು. ಸರ್ಕಾರ ಬಡವರಿಗೆ ಹಂಚಿದ ಜಮೀನನ್ನಂತೂ ಕೊಳ್ಳಲೇ ಬಾರದು. ತೆಲಂಗಾಣದಲ್ಲಿ ಅದರ ಪರಭಾರೆಯನ್ನು 1977ರ ಕಾಯ್ದೆ ತಡೆಯುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಮಾರುವುದಕ್ಕೆ 1978ರ ಕಾಯ್ದೆಯ ಅಡ್ಡಿಯಿದೆ. ಇಂಥ ಹೊಲ ಯಾವಾಗಲೂ ಸುತ್ತಲಿನ ದರಕ್ಕಿಂತ ಅಗ್ಗವಾಗಿ ಸಿಗುತ್ತದೆ.

ಯಾರು ಕೊಳ್ಳಬಹುದು ಎಂಬ ಪ್ರಶ್ನೆಗೂ ಮೂರು ಉತ್ತರ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ತೆಲಂಗಾಣದಲ್ಲಿ ಆ ತಕರಾರಿಲ್ಲ. ಮಹಾರಾಷ್ಟ್ರದಲ್ಲಿ ಮಾತ್ರ ಹೊಲ ಬೇಕೆಂದವನು ತಾನು ರೈತನೆಂದು ತೋರಿಸಬೇಕು. ಮರಾಠವಾಡಾಕ್ಕೆ ಅನ್ವಯಿಸುವ ಕಾನೂನಿನ ಹೆಸರು ಇಂದಿಗೂ ಹೈದರಾಬಾದ್ ಗೇಣಿ ಮತ್ತು ವ್ಯವಸಾಯ ಜಮೀನುಗಳ ಕಾಯ್ದೆ, 1950. ಸಂಸ್ಥಾನ ಹೋಯಿತು, ಹೆಸರು ಕಾಯ್ದೆಯ ಹೊದಿಕೆಯ ಮೇಲೆ ಉಳಿಯಿತು.

ಜಹೀರಾಬಾದಿನ ಕಡೆ ಪ್ಲಾಟಿನ ಹುಚ್ಚು ಹೆಚ್ಚಿದ್ದಕ್ಕೆ ಕಾರಣವಿದೆ. ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ 12 ಸಾವಿರ ಎಕರೆಗೂ ಮಿಕ್ಕ ಕೈಗಾರಿಕಾ ವಲಯವೊಂದು ಬರಲಿದೆ, ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಸುದ್ದಿ ಬಂದಲ್ಲಿ ಕಲ್ಲು ಬರುತ್ತವೆ. ನಿನ್ನೆಯವರೆಗೆ ತೊಗರಿ ನಿಂತಿದ್ದ ಹೊಲದಲ್ಲಿ ಸುಣ್ಣ ಬಳಿದ ಮೊಣಕಾಲುದ್ದದ ಕಲ್ಲುಗಳು, ಅವುಗಳ ತಲೆಗೆ ಕೆಂಪು ಬಣ್ಣದ ನಂಬರು, ಕೆಂಪು ಮಣ್ಣು ಹರವಿದ ದಾರಿ, ಬಾಗಿಲಿಲ್ಲದ ಒಂದು ಕಮಾನು. ದಲ್ಲಾಳಿಯ ಮಾತೂ ಸಿದ್ಧವಾಗಿರುತ್ತದೆ: “ರೋಡಿಗೇ ಅದ ರೀ ಅಣ್ಣೋರೆ, ನಾಳಿಗಿ ರೇಟ್ ಡಬಲ್ ಆತದ.” ರೋಡು ಇರುವುದು ನಿಜವೇ, ನಕ್ಷೆಯಲ್ಲಿ. ಬಯಾನಾ ಕೊಡುವ ಮುಂಚೆ ನೋಡಬೇಕಾದದ್ದು ಬಡಾವಣೆಗೆ ಮಂಜೂರಾತಿ ಸಿಕ್ಕಿದೆಯೇ, ಹೊಲ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆಗಿದೆಯೇ, ರೇರಾ ನೋಂದಣಿ ಇದೆಯೇ ಎಂಬುದು. 500 ಚದರ ಮೀಟರಿಗೆ ಮೀರಿದ ಜಾಗದಲ್ಲಿ ಬಡಾವಣೆ ಮಾಡಿ ಮಾರುವವರು 2016ರ ಸ್ಥಿರಾಸ್ತಿ ಕಾಯ್ದೆಯ ಪ್ರಕಾರ ರೇರಾ ನೋಂದಣಿ ಮಾಡಿಸಲೇಬೇಕು.

ದಲ್ಲಾಳಿಗಳು “ಎಲ್‌ಆರ್‌ಎಸ್ ಕಟ್ಟಿದರೆ ಆಯಿತು” ಎಂದೂ ಹೇಳುವುದುಂಟು. ತೆಲಂಗಾಣದಲ್ಲಿ ಅದರ ಅರ್ಥ, ಮಂಜೂರಾತಿಯಿಲ್ಲದ ಬಡಾವಣೆಯನ್ನು ದುಡ್ಡು ಕಟ್ಟಿ ಸಕ್ರಮ ಮಾಡಿಸಿಕೊಳ್ಳುವುದು. ಬ್ಯಾಂಕಿನಲ್ಲಿ ಇದೇ ಮೂರಕ್ಷರಕ್ಕೆ ಬೇರೆ ಅರ್ಥ: ಭಾರತದ ನಿವಾಸಿಯೊಬ್ಬ ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದ 2,50,000 ಡಾಲರಿನ ಮಿತಿ. ದುಬೈಯಲ್ಲಿ ಫ್ಲ್ಯಾಟು ಕೊಳ್ಳುವವರಿಗೆ ಬೇಕಾದ ಎಲ್‌ಆರ್‌ಎಸ್ ಇದು. 2002ರಿಂದ ಅಲ್ಲಿ ಗೊತ್ತುಮಾಡಿದ ಪ್ರದೇಶಗಳಲ್ಲಿ ವಿದೇಶಿಯರು ಪೂರ್ಣ ಒಡೆತನ ಪಡೆಯಬಹುದಾಗಿದೆ, 20 ಲಕ್ಷ ದಿರ್ಹಾಮಿನ ಆಸ್ತಿಗೆ ಹತ್ತು ವರ್ಷದ ವೀಸಾ ಕೂಡ ಉಂಟು. ಕೊಲ್ಲಿಗೆ ಕೂಲಿಗೆಂದು, ಡ್ರೈವರಿಕೆಗೆಂದು ಹೋದ ಬೀದರದ ಹುಡುಗರಿಗೆ ಈ ಲೆಕ್ಕ ಸೇರುವುದಿಲ್ಲ. ಅವರ ದುಡ್ಡು ಊರಿಗೇ ಬರುತ್ತದೆ, ಬಂದಲ್ಲಿ ಇನ್ನೊಂದು ಗೋಡೆ. ಅನಿವಾಸಿಯಾದವನು ಭಾರತದಲ್ಲಿ ಮನೆ, ಅಂಗಡಿ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಔರಾದದ ರೈತನ ಮಗ ಸೌದಿಯಲ್ಲಿ ಇರುವಷ್ಟು ದಿನ ತನ್ನ ಬದುವಿನ ಆಚೆಯ ಎರಡೆಕರೆಯನ್ನು ತನ್ನ ಹೆಸರಿಗೆ ಕೊಳ್ಳಲಾರ. ಅಪ್ಪನಿಗೆ ಕಳಿಸುತ್ತಾನೆ, ಅಪ್ಪ ಕೊಳ್ಳುತ್ತಾನೆ. ಅಪ್ಪನ ಕಾಲಾನಂತರ ಅದಕ್ಕೆ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಪಾಲುದಾರರು.

ಕಾಗದದ ಈ ಗೋಡೆ ನಮ್ಮವರಿಗಷ್ಟೇ ಅಲ್ಲ. ಡಚ್ಚರು ಸ್ಪೇನಿನ ಬಿಸಿಲು ಕಡಲದಂಡೆಯಲ್ಲಿ ಮನೆ ಕೊಳ್ಳುವಾಗಲೂ ತೊಡಕು ಬಿಸಿಲಿನದಲ್ಲ, ಬರವಣಿಗೆಯದು. ಮೊದಲು ವಿದೇಶಿಯರ ಗುರುತಿನ ಸಂಖ್ಯೆ, ಆಮೇಲೆ ನೋಟರಿಯ ಮುಂದೆ ಕ್ರಯಪತ್ರ, ಆಮೇಲೆ ನೋಂದಣಿ. ಹಾಗೆ ನೋಡಿದರೆ ಬೀದರವೂ ಒಮ್ಮೆ ಹೊರಗಿನವರು ಬಂದು ನೆಲೆ ಮಾಡುವ ಊರಾಗಿತ್ತು. ಬಹಮನಿ ಅಹ್ಮದ್ ಶಾಹ ಕಲಬುರಗಿ ಬಿಟ್ಟು ಈ ಎತ್ತರದ ಕೆಂಪು ನೆಲವನ್ನು ರಾಜಧಾನಿ ಮಾಡಿಕೊಂಡ ಮೇಲೆ ಇರಾನಿನ ಸೂಫಿಗಳು, ವ್ಯಾಪಾರಿಗಳು, ಸಿಪಾಯಿಗಳು ಬಂದು ಮನೆ ಹೂಡಿದರು. ಕ್ಯಾಸ್ಪಿಯನ್ ಕಡಲದಂಡೆಯ ಗಿಲಾನಿನಿಂದ ಮಹಮೂದ್ ಗವಾನ್ ಬೀದರಕ್ಕೆ ಬಂದದ್ದು 1453ರಲ್ಲಿ, ವ್ಯಾಪಾರಿಯಾಗಿ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ನಿಂತಿದೆ. ಅವನು 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಸತ್ತ. ಅವನ ಮೇಲೆ ಹೊರಿಸಿದ್ದು ಖೊಟ್ಟಿ ಕಾಗದವೊಂದರ ಆರೋಪ: ಅವನ ಮೊಹರು ಹಾಕಿ ಬೇರೆ ಯಾರೋ ಬರೆದ ಪತ್ರ.

ಖೊಟ್ಟಿ ಕಾಗದದ ಭಯ ಈಗ ಮುಖ್ತಿಯಾರ್‌ನಾಮೆಗೆ, ಅಂದರೆ ಜಿಪಿಎಗೆ, ಅಂಟಿಕೊಂಡಿದೆ. ಮಾರುವವರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇದ್ದಾರೆ, ಜಿಪಿಎ ಇದ್ದವರು ಸಹಿ ಹಾಕುತ್ತಾರೆ ಎಂಬುದು ಗಡಿಯಾಚೆಯ ವ್ಯವಹಾರದಲ್ಲಿ ಕೇಳಿಬರುವ ಹಳೆಯ ಪಲ್ಲವಿ. ಬರೀ ಜಿಪಿಎ ಮತ್ತು ಕರಾರು ಪತ್ರದಿಂದ ಒಡೆತನ ಕೈ ಬದಲಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಕ್ರಯಪತ್ರ ನೋಂದಣಿಯಾಗಬೇಕು, ಅದಕ್ಕೂ ಮುಂಚೆ ಕಾಗದವನ್ನು ಪೂರ್ತಿ ಓದಿಸಿಕೊಳ್ಳಬೇಕು. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಅರ್ಧ ಅರ್ಥವಾಗುತ್ತದೆ. ಅರ್ಧ ಓದಿ ಸಹಿ ಹಾಕುವವರಿಗಿಂತ, ಏನೂ ಬಾರದೆ ವಕೀಲರಿಂದ ಓದಿಸಿಕೊಂಡವರೇ ಜಾಣರು. ಮಾರುವವರು ಅನಿವಾಸಿಯಾಗಿದ್ದರೆ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಇದು ದಲ್ಲಾಳಿಯ ಬಾಯಲ್ಲಿ ಬರುವುದು ಅಪರೂಪ.

ಇಷ್ಟಾದ ಮೇಲೂ ಕಬ್ಜಾ ಉಳಿಯಿತು. ಚೆಕ್ಕುಬಂದಿಯ ನಾಲ್ಕೂ ದಿಕ್ಕಿನವರನ್ನು ಮಾತಾಡಿಸಿ, ಸರ್ವೆ ಮಾಡಿಸಿ, ಕಲ್ಲು ಇದ್ದಲ್ಲೇ ಇದೆಯೇ ಎಂದು ವರ್ಷಕ್ಕೆ ಎರಡು ಸಲವಾದರೂ ನೋಡಿಕೊಂಡು ಬರಬೇಕು. ಪಹಣಿ ಎಂಬ ಮಾತೇ ಮರಾಠಿಯ ಪಾಹಣೀ, ಅಂದರೆ ಹೋಗಿ ನೋಡುವುದು. ಬೆಳಿಗ್ಗೆ ಜಹೀರಾಬಾದಿಗೆ ಹೋಗಿ ಪ್ಲಾಟು ನೋಡಿದವರು ಮಧ್ಯಾಹ್ನದ ಊಟಕ್ಕೆ ಬೀದರದ ಮನೆಗೆ ಬಂದಿರಬಹುದು.