ಹೊಗೆ ಕಾಯುವವರ ಮನೆ

ಸಿಯಾಟಲ್ ಕಡೆ ಬಿಸಿಲು ಬಿದ್ದ ಶನಿವಾರ ಮನೆಯೊಳಗೆ ಕೂತವರಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ನಂಬಿಕೆಯಿದೆ. ವರ್ಷದ ಬಹುಪಾಲು ಮೋಡ ಹೊದ್ದುಕೊಂಡೇ ಇರುವ ಊರು. ಬಿಸಿಲನ್ನು ಇಲ್ಲಿ ಯಾರೂ ದಂಡ ಮಾಡುವುದಿಲ್ಲ. ನಮ್ಮ ಕನ್ನಡದವರೂ ಬಂದ ಸ್ವಲ್ಪ ದಿನಕ್ಕೇ ಈ ಮತಕ್ಕೆ ಸೇರಿಬಿಡುತ್ತಾರೆ. ಊರಿನಲ್ಲಿ ಬೀದಿ ಕೊನೆಯ ಅಂಗಡಿಗೂ ಸ್ಕೂಟರ್ ಹತ್ತುತ್ತಿದ್ದವರು ಇಲ್ಲಿ ಬೆನ್ನಿಗೊಂದು ಚೀಲ, ಕೈಗೆರಡು ಕೋಲು, ಡಬ್ಬಿಗೆ ಚಿತ್ರಾನ್ನ ಹೊಂದಿಸಿಕೊಂಡು ಬೆಳಗಿನ ಜಾವಕ್ಕೇ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುತ್ತಾರೆ.

ಇಂಥ ಬೆಟ್ಟಗಳ ಪೈಕಿ ಗ್ರಾನೈಟ್ ಮೌಂಟನ್ನಿನ ಗತ್ತೇ ಬೇರೆ. ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ 47ನೇ ಎಕ್ಸಿಟ್‌ನ ಹತ್ತಿರವೇ ಅದರ ಬುಡ. ಅಲ್ಲಿಂದ ನೆತ್ತಿಗೆ ನಾಲ್ಕು ಮೈಲಿ ಚಿಲ್ಲರೆ ದಾರಿ, ಏರಬೇಕಾದ ಎತ್ತರ ಸುಮಾರು 3,800 ಅಡಿ. ಸಮುದ್ರಮಟ್ಟದಿಂದ 5,629 ಅಡಿ ಮೇಲಿರುವ ಆ ನೆತ್ತಿಯಲ್ಲಿ, ನಾಲ್ಕೂ ಕಡೆ ಕಿಟಕಿಯೇ ಇರುವ ಒಂದು ಮರದ ಅಟ್ಟಣೆ ಮನೆ. ಕಾಡ್ಗಿಚ್ಚು ಕಾಯುವವರಿಗೆಂದು ಕಟ್ಟಿದ್ದು. ಇಲ್ಲಿಯವರು ಅದನ್ನು ಫೈರ್ ಲುಕ್‌ಔಟ್ ಎನ್ನುತ್ತಾರೆ. 1920ರ ದಶಕದಲ್ಲೇ ಈ ನೆತ್ತಿಯ ಮೇಲೆ ಕಾವಲು ಶುರುವಾಗಿತ್ತು; ಈಗಿನ ಕಟ್ಟಡ 1950ರ ದಶಕದ್ದು.

ಕುಮಾರಪರ್ವತ ಹತ್ತಿದವರು ‘ಇದೇನು ಮಹಾ’ ಎಂದಾರು. ನಿಜ, ಕುಕ್ಕೆಯಿಂದ ಹತ್ತುವ ಎತ್ತರ ಇದಕ್ಕಿಂತ ಹೆಚ್ಚೇ. ಆದರೆ ಅಲ್ಲಿ ಅರ್ಧ ದಾರಿಯಲ್ಲಿ ಭಟ್ಟರ ಮನೆಯಿದೆ, ಬಿಸಿ ಅನ್ನ ಸಾಂಬಾರಿದೆ. ಇಲ್ಲಿ ದಾರಿಯ ಆರಂಭದಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಒಂದು ಚೀಟಿ. ಎಷ್ಟು ಜನ, ಎಲ್ಲಿಗೆ, ಯಾವತ್ತು ವಾಪಸ್ಸು ಎಂದು ಬರೆದು ಹಾಕಿ ಹೋಗಬೇಕು. ಮುಂದಿನದು 1976ರಲ್ಲಿ ಕಾಯ್ದಿಟ್ಟ ಆಲ್ಪೈನ್ ಲೇಕ್ಸ್ ಅರಣ್ಯ. ಅಲ್ಲಿ ಊಟ, ನೀರು, ಉಸಿರು ಎಲ್ಲವೂ ಅವರವರದೇ.

ಮೊದಲ ಒಂದು ಮೈಲಿ ದಾರಿ ಬಹಳ ಸಂಭಾವಿತ. ದೊಡ್ಡ ಮರಗಳ ನೆರಳು, ಪಾಚಿ, ಒಂದೆರಡು ಹಳ್ಳ. ಆಮೇಲೆ ಪ್ರ್ಯಾಟ್ ಲೇಕ್‌ನ ದಾರಿ ಒಂದು ಕಡೆ ಹೋಗುತ್ತದೆ, ನಮ್ಮದು ಬಲಕ್ಕೆ ತಿರುಗಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಬೇರು, ಬಂಡೆ, ಮತ್ತೆ ಬೇರು. ಆಗಾಗ ಮೊಣಕಾಲನ್ನು ಗಲ್ಲದ ಹತ್ತಿರ ತರಬೇಕು. ಯಳಂದೂರಿನವಳಾದ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತು, “ರೀ, ಇದನ್ನ ದಾರಿ ಅಂತ ಯಾರ್ರೀ ಕರೆದಿದ್ದು?” ಎಂದಳು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ನಮ್ಮನ್ನು ದಾಟಿ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು “ಗುಡ್ ಮಾರ್ನಿಂಗ್” ಹೇಳಿಕೊಂಡು ಮೇಲೆ ಹೋದರು. ಅವರ ನಾಯಿ ಮಾತ್ರ ಕನಿಕರದಿಂದ ತಿರುಗಿ ನೋಡಿತು.

ಚಳಿಗಾಲದಲ್ಲಿ ಹಿಮ ಕುಸಿದು ಜಾರುವ ಒಂದು ಅಗಲವಾದ ಪಟ್ಟಿ ಅಡ್ಡ ಬರುತ್ತದೆ. ಅಲ್ಲಿ ದೊಡ್ಡ ಮರ ನಿಲ್ಲುವುದಿಲ್ಲ, ಪೊದೆಯಷ್ಟೇ. ಹಿಮ ಕರಗುವ ಮೊದಲು ಇತ್ತ ಬರಬೇಡಿ ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಅದನ್ನು ದಾಟಿ ಮೇಲೆ ಬಂದರೆ ಕಾಡು ಮುಗಿದು ಆಕಾಶ ಬಿಚ್ಚಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಇಡೀ ಇಳಿಜಾರು ಕೆಂಪು. ಕಾಲಿನ ಬುಡದಲ್ಲೇ ಹಕಲ್‌ಬೆರಿ ಗಿಡಗಳು, ಕಪ್ಪುನೇರಳೆ ಬಣ್ಣದ ಹಣ್ಣು. ದಾರಿಯುದ್ದಕ್ಕೂ ನೆತ್ತಿ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದವಳು ಇಲ್ಲಿ ಆ ಪ್ರಶ್ನೆಯನ್ನೇ ಮರೆತು, ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಬಾಯಿ ನೀಲಿ ಮಾಡಿಕೊಂಡಳು. ಕರಡಿಗಳಿಗೂ ಇದೇ ಹಣ್ಣು ಇಷ್ಟವಂತೆ, ಹೇಳಿದೆ. “ಅವೂ ತಿನ್ನಲಿ, ಬೇಕಾದಷ್ಟಿದೆ” ಎಂದಳು.

ಕೊನೆಯಲ್ಲಿ ಬರೀ ಬಂಡೆ, ಅದರ ಮೇಲೆ ಮನೆ. ಬೇಸಿಗೆಯ ಕೆಲವು ದಿನ ಸ್ವಯಂಸೇವಕರು ಬಂದು ಬಾಗಿಲು ತೆರೆದಿಡುತ್ತಾರೆ. ನಮಗೆ ಆ ಭಾಗ್ಯ ಸಿಕ್ಕಿತು. ಒಳಗೆ ಒಂದು ಮಂಚ, ಒಂದು ಒಲೆ. ಸುತ್ತ ಗಾಜು, ಗಾಜಿನಾಚೆ ದಕ್ಷಿಣಕ್ಕೆ 14,410 ಅಡಿಯ ಮೌಂಟ್ ರೇನಿಯರ್. ಕೋಣೆಯ ನಡುವೆ ಬೀಸುಕಲ್ಲಿನಷ್ಟು ಅಗಲದ ದುಂಡನೆಯ ಯಂತ್ರ: ಆಸ್‌ಬೋರ್ನ್ ಫೈರ್ ಫೈಂಡರ್. ಅರಣ್ಯ ಇಲಾಖೆಯ ಡಬ್ಲ್ಯೂ. ಬಿ. ಆಸ್‌ಬೋರ್ನ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ್ದು. ನಡುವೆ ಭೂಪಟ, ಸುತ್ತ ಡಿಗ್ರಿ ಗುರುತಿನ ಬಳೆ, ಅಂಚಿನಲ್ಲಿ ಕುದುರೆಗೂದಲು ಬಿಗಿದ ಗುರಿಕಂಡಿ. ದೂರದಲ್ಲಿ ಹೊಗೆ ಕಂಡರೆ ಆ ಕೂದಲನ್ನು ಹೊಗೆಯ ನೇರಕ್ಕೆ ತಂದು ಡಿಗ್ರಿ ಓದಿ ಫೋನಿನಲ್ಲಿ ಹೇಳಬೇಕು. ಬೇರೊಂದು ಬೆಟ್ಟದ ಕಾವಲುಗಾರನೂ ತನ್ನ ಲೆಕ್ಕ ಹೇಳಿದರೆ, ಎರಡು ಗೆರೆ ಕೂಡುವಲ್ಲಿ ಬೆಂಕಿ. ಸಿಡಿಲಿನ ಹೊತ್ತಿನಲ್ಲಿ ಈ ಕಾವಲುಗಾರರು ಕಾಲಿಗೆ ಗಾಜಿನ ಗುಬಟು ತೊಡಿಸಿದ ಸ್ಟೂಲಿನ ಮೇಲೆ ಇರುತ್ತಿದ್ದರು. ಸಿಡಿಲು ಎಲ್ಲಿ ಬಿತ್ತೆಂದು ನೋಡುವುದೂ ಕೆಲಸ, ಅದು ತಮ್ಮ ಮೇಲೆ ಹರಿಯದಂತೆ ನೋಡಿಕೊಳ್ಳುವುದೂ ಕೆಲಸ.

ಇಂಥ ಮನೆಗಳು ಸಾವಿರಗಟ್ಟಲೆ ಎದ್ದದ್ದು ಒಂದು ಭಯದಿಂದ. 1910ರ ಆಗಸ್ಟ್ 20 ಮತ್ತು 21ರಂದು, ಎರಡೇ ದಿನದಲ್ಲಿ, ಐಡಹೊ ಮತ್ತು ಮೊಂಟಾನಾ ಕಡೆಯ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ಆರಿಸಲು ಹೋದವರೇ ಹತ್ತಾರು ಮಂದಿ ಸತ್ತರು. ಹುಟ್ಟಿ ಐದೇ ವರ್ಷವಾಗಿದ್ದ ಅರಣ್ಯ ಇಲಾಖೆ, ಇನ್ನು ಕಾಡಿನಲ್ಲಿ ಹೊಗೆಯೇ ಏಳಬಾರದು ಎಂದು ಹಟ ಹಿಡಿಯಿತು. 1935ರ ಹೊತ್ತಿಗೆ ಆ ಹಟ ಕಾನೂನಿನಷ್ಟೇ ಗಟ್ಟಿಯಾಯಿತು: ಯಾವುದೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು.

ಹಾಗಾಗಿ ನೋಡುವವರು ಬೇಕಾದರು. 1913ರಲ್ಲಿ ಕ್ಯಾಲಿಫೋರ್ನಿಯಾದ ಎಡ್ಡಿ ಗಲ್ಚ್‌ನಲ್ಲಿ ಹ್ಯಾಲಿ ಡ್ಯಾಗೆಟ್ ಎಂಬಾಕೆ ಈ ಕೆಲಸಕ್ಕೆ ಸೇರಿದಾಗ, ಹೆಂಗಸು ಒಂಟಿಯಾಗಿ ಬೆಟ್ಟದ ಮೇಲೆ ಇರುತ್ತಾಳೆಯೇ ಎಂದು ಅನುಮಾನ ಪಟ್ಟವರಿದ್ದರು. ಆಕೆ ಹತ್ತಕ್ಕೂ ಹೆಚ್ಚು ಬೇಸಿಗೆ ಅಲ್ಲೇ ಕಳೆದಳು. ನಮ್ಮ ವಾಷಿಂಗ್ಟನ್ ರಾಜ್ಯದ ಉತ್ತರದ ಬೆಟ್ಟಗಳಿಗೆ ಕವಿಗಳೂ ಬಂದರು. ಗ್ಯಾರಿ ಸ್ನೈಡರ್ 1952ರಲ್ಲಿ ಕ್ರೇಟರ್ ಮೌಂಟನ್ ಕಾದ. 1956ರಲ್ಲಿ ಜ್ಯಾಕ್ ಕೆರುವಾಕ್ ಡೆಸೊಲೇಷನ್ ಪೀಕ್‌ನಲ್ಲಿ 63 ದಿನ ಇದ್ದ. ಸುಮ್ಮನೆ ಕೂತು ದಿಗಂತ ನೋಡುವುದಕ್ಕೆ ಸರ್ಕಾರವೇ ಸಂಬಳ ಕೊಟ್ಟ ಕಾಲ ಅದು. ಕವಿಗಳಿಗೆ ಇದಕ್ಕಿಂತ ಒಳ್ಳೆಯ ನೌಕರಿ ನನಗಂತೂ ಗೊತ್ತಿಲ್ಲ.

ಯಂತ್ರ ಚೆನ್ನಾಗಿತ್ತು, ನೋಡಿದವರೂ ಶ್ರದ್ಧೆಯವರೇ. ಆದರೆ ಹೊಗೆ ಎಲ್ಲಿದೆ ಎಂದು ಹೇಳಬಲ್ಲ ಯಂತ್ರಕ್ಕೆ, ಈ ಹೊಗೆಯನ್ನು ಅದರ ಪಾಡಿಗೆ ಬಿಡಬಹುದೇ ಎಂದು ಕೇಳಲು ಬರುತ್ತಿರಲಿಲ್ಲ. ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವದ ಒಣ ಪೈನ್ ಕಾಡುಗಳಲ್ಲಿ ಸಣ್ಣ ಬೆಂಕಿಗಳು ಕೆಲವು ವರ್ಷಕ್ಕೊಮ್ಮೆ ನೆಲದ ಕಸವನ್ನಷ್ಟೇ ತಿಂದು ಹೋಗುತ್ತಿದ್ದವು. ಅವನ್ನೆಲ್ಲ ಹತ್ತು ಗಂಟೆಯೊಳಗೆ ಆರಿಸುತ್ತ ಬಂದದ್ದರಿಂದ ಕಸ ಉಳಿಯಿತು, ಎಳೆಯ ಮರಗಳು ಒತ್ತೊತ್ತಾಗಿ ಬೆಳೆದವು. ಅದರ ಮೇಲೆ ಹವೆಯೂ ಬಿಸಿಯಾಗುತ್ತ ಬಂತು. 1978ರಲ್ಲಿ ಇಲಾಖೆ ಆ ನಿಯಮವನ್ನು ಕೈಬಿಟ್ಟಿತು; ಅಷ್ಟರಲ್ಲಿ ಕಾಡು ಸೌದೆ ಕೂಡಿಸಿಕೊಂಡಾಗಿತ್ತು. 2022ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ನಮ್ಮ ಊರಿಗೇ ಇಳಿದಾಗ, ಜಗತ್ತಿನ ದೊಡ್ಡ ನಗರಗಳ ಪೈಕಿ ಅತಿ ಕೆಟ್ಟ ಗಾಳಿ ಸಿಯಾಟಲ್‌ನದು ಎನ್ನಿಸಿಕೊಂಡಿತು. ಅಂಥ ದಿನ ಹೊಗೆ ನೋಡಲು ಬೆಟ್ಟ ಹತ್ತಬೇಕಿಲ್ಲ, ಕಿಟಕಿ ತೆರೆದರೆ ಸಾಕು.

ಬೆಟ್ಟದಲ್ಲಿ ನಾವು ತಿಂದ ಹಣ್ಣಿಗೂ ಇದಕ್ಕೂ ನಂಟಿದೆ. ಹಕಲ್‌ಬೆರಿಗೆ ಬಿಸಿಲು ಬೇಕು, ದಟ್ಟ ನೆರಳಾದರೆ ಹಣ್ಣು ಕಡಿಮೆ. ಇಲ್ಲಿನ ಮೂಲನಿವಾಸಿಗಳು ಹಣ್ಣು ಬಿಡಿಸಿ ಮುಗಿದ ಮೇಲೆ ಬಯಲಿಗೆ ತಾವೇ ಬೆಂಕಿ ಕೊಟ್ಟು ಮರ ಏಳದಂತೆ ನೋಡಿಕೊಳ್ಳುತ್ತಿದ್ದರು. ಇಲಾಖೆಗೆ ಅದೂ ಬರೀ ಹೊಗೆಯಾಗಿ ಕಂಡಿತು, ನಿಂತಿತು. ದಕ್ಷಿಣದ ಮೌಂಟ್ ಆಡಮ್ಸ್ ಕಡೆಯ ಸಾಟೂತ್ ಬಯಲಿನಲ್ಲಿ 1932ರಲ್ಲಿ ಯಾಕಮಾ ಜನರ ಮುಖಂಡ ವಿಲಿಯಂ ಯಾಲಪ್ ಅರಣ್ಯಾಧಿಕಾರಿಯ ಕೈ ಕುಲುಕಿ, ಒಂದು ಭಾಗದ ಹಣ್ಣು ತಮ್ಮವರಿಗೇ ಎಂಬ ಒಪ್ಪಂದ ಮಾಡಿಕೊಂಡ. ಆ ಮಾತು ಉಳಿಯಿತು. ಬೆಂಕಿ ಇಲ್ಲದೆ ಹಣ್ಣಿನ ಬಯಲು ಮಾತ್ರ ಮರಗಳ ಪಾಲಾಗುತ್ತ ಬಂತು.

ಇದನ್ನು ಕೇಳಿದ ನನ್ನ ಹೆಂಡತಿಗೆ ಏನೂ ಆಶ್ಚರ್ಯವಾಗಲಿಲ್ಲ. “ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ಕಥೆ ಅಲ್ವಾ?” ಎಂದಳು. ಅಲ್ಲಿನ ಮೂಲನಿವಾಸಿಗಳಾದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎಂದೇ ಅದರ ಹೆಸರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಈಗ ಅಲ್ಲಿ ಲಂಟಾನ ಆಳೆತ್ತರಕ್ಕೆ ಹಬ್ಬಿದೆ, ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ನೆಲದಲ್ಲಿ ಹರಿಯುವುದಿಲ್ಲ, ಮರಕ್ಕೆ ಏರುತ್ತದೆ. ಸೋಲಿಗರ ಹಿರಿಯರು ಇದನ್ನು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಈಗ ಇಲ್ಲಿನ ಇಲಾಖೆಯವರೇ ವಸಂತದಲ್ಲೂ ಶರತ್ಕಾಲದಲ್ಲೂ ದಿನ, ಗಾಳಿ, ತೇವ ನೋಡಿ ಕಾಡಿಗೆ ಬೆಂಕಿ ಇಡುತ್ತಾರೆ. ಅದರ ಹೊಗೆ ಊರಿಗೆ ಬಂದರೆ ಗೊಣಗುವವರ ಪೈಕಿ ನಾನೂ ಒಬ್ಬ. ಇಳಿಯುವಾಗ ಮೊಣಕಾಲು ಮಾತಾಡತೊಡಗಿದ್ದರೂ ಇದೇ ವಿಷಯ ಎತ್ತಿದೆ: ಹಾಗಂತ ಬೇಕೆಂದೇ ಹೊಗೆ ಕುಡಿಯೋಕಾಗುತ್ತಾ?

“ಹಣ್ಣು ತಿಂದ್ರಲ್ಲ” ಎಂದಳು, ನೀಲಿ ಬೆರಳು ತೋರಿಸಿ. “ಅಷ್ಟು ಹೊಗೆ ನಿಮ್ಮ ಲೆಕ್ಕಕ್ಕೆ ಬರ್ಕೊಳ್ಳಿ.”